ಸೋತರೂ ಪರವಾಗಿಲ್ಲ, ಆಟ ನಡೀಬೇಕು

ನಮ್ಮ ವಿಜಯನಗರದ ಬೀದೀಲಿ ಚಿಕ್ಕ ಮಕ್ಕಳೆಲ್ಲ ನನ್ನನ್ನ ಫುಟ್ಬಾಲ್ ಆಂಟಿ ಅಂತಾರೆ. ನನಗೇನೂ ಬೇಜಾರಿಲ್ಲ. ಐವತ್ತು ದಾಟಿದ ಹೆಂಗಸಿಗೆ ಇಂಥವರ ಅಮ್ಮ, ಇಂಥವರ ಮನೆಯವರು ಅನ್ನೋದು ಬಿಟ್ಟು ತನ್ನದೇ ಅಂತ ಒಂದು ಹೆಸರು ಸಿಗೋದು ಅಪರೂಪ. ಆದರೆ ದೊಡ್ಡವರು ಅಷ್ಟು ಸಲೀಸಾಗಿ ಬಿಡಲ್ಲ. "ಈ ವಯಸ್ಸಲ್ಲಿ ನಿನಗ್ಯಾಕೆ ಬೇಕಿತ್ತು ಚೆಂಡಾಟದ ಹುಚ್ಚು" ಅಂತ ನಮ್ಮ ಓರಗಿತ್ತಿ ಅಕ್ಕ ಒಂಬತ್ತು ವರ್ಷದಿಂದ ಕೇಳ್ತಾನೇ ಇದ್ದಾರೆ. 2025ರ ಕಾರ್ತಿಕದಲ್ಲಿ ಇನ್ನೊಂದು ಮಾತು ಸೇರಿಸಿದರು: "ಹೇಗೂ ಈ ವರ್ಷ ನಿನ್ನ ಮ್ಯಾಚುಗಳು ನಿಂತೇ ಹೋಗಿವೆಯಂತೆ. ಒಳ್ಳೇದೇ ಆಯ್ತು, ಬಿಟ್ಟುಬಿಡು."

ಬಿಟ್ಟುಬಿಡು ಅನ್ನೋದು ನಮಗೆಲ್ಲ ಕೇಳಿ ಕೇಳಿ ಅಭ್ಯಾಸ ಆಗಿರೋ ಮಾತು. ಮದುವೆಯಾದ ಮೇಲೆ ಓದು ಬಿಟ್ಟೆವು, ಮಗು ಹುಟ್ಟಿದ ಮೇಲೆ ಸಂಗೀತದ ಪಾಠ ಬಿಟ್ಟೆವು, ಮಂಡಿ ನೋವು ಬಂದ ಮೇಲೆ ಸಂಜೆ ವಾಕಿಂಗೂ ಬಿಟ್ಟೆವು. ಇದೊಂದನ್ನ ನಾನು ಯಾಕೆ ಬಿಡಲ್ಲ, ಆಟ ನಿಂತಿದ್ದು ಯಾಕೆ ಒಳ್ಳೇದಾಗಲಿಲ್ಲ ಅಂತ ಹೇಳೋದಕ್ಕೇ ಇದನ್ನ ಬರೀತಿರೋದು. ನೀವು ಫುಟ್ಬಾಲ್ ನೋಡದೇ ಇದ್ದರೂ ಓದಿ. ಇದು ಬರೀ ಚೆಂಡಿನ ವಿಷಯ ಅಲ್ಲ ಕಣ್ರೀ.

ಮೊದಲು ಒಂದು ಮಾತು. ನಮ್ಮ ಕಡೆ, ಅಂದರೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಕಡೆ, ಹುಡುಗರ ಕೈಯಲ್ಲಿ ಬ್ಯಾಟು ಬಿಟ್ಟರೆ ಬೇರೆ ಕಂಡೋರಿಲ್ಲ. ಫುಟ್ಬಾಲ್ ಅಂದರೆ ಊರಿನ ಆ ಕಡೆದು ಅಂತ ನಾವು ತಿಳ್ಕೊಂಡಿದ್ದೆವು. ಆಸ್ಟಿನ್ ಟೌನು, ಶಿವಾಜಿನಗರ, ಹಲಸೂರು, ಹೀಗೆ ದಂಡು ಪ್ರದೇಶದ ಕಡೆಯ ಆಟ. ಹಲಸೂರಿನ ಹತ್ತಿರ ಗೌತಮಪುರ ಅಂತ ಇದೆ. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜೊತೆ ಬ್ರೆಜಿಲ್ಲಿನ ಪೆಲೆಯದೂ ಒಂದು ಪ್ರತಿಮೆ ಇಟ್ಟಿದ್ದಾರೆ. ನಾನು ಹೋಗಿ ನೋಡಿ ಬಂದೆ. ಆ ಬೀದಿಯ ಅಜ್ಜಿಯರಿಗೂ ಪೆಲೆ ಯಾರು ಅಂತ ಗೊತ್ತು!

1948ರ ಲಂಡನ್ ಒಲಿಂಪಿಕ್ಸಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ಮೇಲೆ ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. 2-1ರಲ್ಲಿ ಸೋತರು. ನಮ್ಮ ಪರವಾಗಿ ಬಿದ್ದ ಆ ಒಂದು ಗೋಲು ಹೊಡೆದಿದ್ದು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಹಳೇ ಮೈಸೂರು ರಾಜ್ಯದ ಟೀಮು ಸಂತೋಷ್ ಟ್ರೋಫಿಯನ್ನ ನಾಲ್ಕು ಸಲ ಗೆದ್ದಿತ್ತು. ಇದೆಲ್ಲ ನಮ್ಮ ಊರಿನದೇ ಕಥೆ. ಆದರೂ ಮೆಜೆಸ್ಟಿಕ್ ದಾಟಿ ಈ ಕಡೆಗೆ ಬರಲೇ ಇಲ್ಲ.

ಬೆಂಗಳೂರು ಎಫ್‌ಸಿ ಅನ್ನೋ ಟೀಮು ಶುರುವಾಗಿದ್ದು 2013ರಲ್ಲಿ. ಮೊದಲನೇ ವರ್ಷವೇ ಐ-ಲೀಗ್ ಗೆದ್ದರು, 2016ರಲ್ಲಿ ಇನ್ನೊಂದು ಸಲ ಗೆದ್ದರು. ನಮ್ಮ ಹುಡುಗ ಆಗ ಪಿಯುಸಿ ಓದ್ತಿದ್ದ. ಅವನ ಬಾಯಲ್ಲಿ ಬೆಳಗ್ಗೆ ಎದ್ದರೆ ಸುನಿಲ್ ಛೇತ್ರಿ, ಮಲಗೋವಾಗ ಸುನಿಲ್ ಛೇತ್ರಿ. ಅದೇ ವರ್ಷ ಏಪ್ರಿಲ್ ಕೊನೇಲಿ ನಮ್ಮ ಮೆಟ್ರೋ ಮೆಜೆಸ್ಟಿಕ್ ಅಡಿಯಿಂದ ಆಚೆಗೂ ಓಡೋಕೆ ಶುರುವಾಯ್ತು. ವಿಜಯನಗರದಲ್ಲಿ ಹತ್ತಿದರೆ ಕಬ್ಬನ್ ಪಾರ್ಕಲ್ಲಿ ಇಳಿಯೋದು, ಅಲ್ಲಿಂದ ಕಂಠೀರವ ಸ್ಟೇಡಿಯಂಗೆ ನಡೆಯೋದು. ನಾನು ಫುಟ್ಬಾಲ್ ನೋಡೋ ಹಾಗಾಗಿದ್ದಕ್ಕೆ ಅರ್ಧ ಪುಣ್ಯ ಮೆಟ್ರೋಗೆ ಸೇರಬೇಕು. ಎರಡು ಬಸ್ಸು ಬದಲಾಯಿಸಿ ರಾತ್ರಿ ಹೊತ್ತು ಹೋಗಿ ಬರೋ ಹಾಗಿದ್ದರೆ ಯಜಮಾನರು ಖಂಡಿತ ಒಪ್ಪುತ್ತಿರಲಿಲ್ಲ.

2016ರ ಅಕ್ಟೋಬರ್ 19, ಬುಧವಾರ. ಎಎಫ್‌ಸಿ ಕಪ್ ಅಂತ ಏಷ್ಯಾದ ಕ್ಲಬ್ಬುಗಳಿಗೆಲ್ಲ ನಡೆಸೋ ಪಂದ್ಯಾವಳಿ, ಅದರ ಸೆಮಿಫೈನಲ್. ಎದುರು ಮಲೇಷ್ಯಾದ ಜೋಹೋರ್ ಟೀಮು, ಹಿಂದಿನ ವರ್ಷ ಆ ಕಪ್ ಗೆದ್ದಿದ್ದವರೇ. ರಾತ್ರಿ ಹೊತ್ತು ಮಗ ಒಬ್ಬನೇ ಬೇಡ ಅಂತ ಜೊತೆಗೆ ಹೋದೆ ಅಷ್ಟೇ. ಡಬ್ಬೀಲಿ ಚಿತ್ರಾನ್ನ ಬೇರೆ ಕಟ್ಕೊಂಡಿದ್ದೆ, ಗೇಟಲ್ಲಿ ಒಳಗೆ ಬಿಡಲಿಲ್ಲ, ಆಚೆಗೇ ನಿಂತು ತಿಂದು ಹೋದೆವು. ಮೊದಲ ಹದಿನೈದು ನಿಮಿಷದೊಳಗೇ ಅವರು ಒಂದು ಗೋಲು ಹೊಡೆದುಬಿಟ್ಟರು. ಆಮೇಲೆ ಛೇತ್ರಿ ತಲೆಯಿಂದ ಒಂದು, ದೂರದಿಂದ ಕಾಲಲ್ಲಿ ಇನ್ನೊಂದು, ಆಮೇಲೆ ಹುವಾನನ್ ಅನ್ನೋ ಸ್ಪೇನಿನವನು ಮೂರನೇದು. 3-1. ಭಾರತದ ಒಂದು ಕ್ಲಬ್ಬು ಆ ಕಪ್ಪಿನ ಫೈನಲ್ಲಿಗೆ ಹೋಗಿದ್ದು ಅದೇ ಮೊದಲು.

ಮೂರನೇ ಗೋಲಾದಾಗ ಪಕ್ಕದಲ್ಲಿದ್ದ ಗುರುತು ಪರಿಚಯ ಇಲ್ಲದ ಹುಡುಗಿ ನನ್ನನ್ನ ತಬ್ಬಿಕೊಂಡಳು. ನಾನೂ ತಬ್ಬಿಕೊಂಡೆ. ಮದುವೆ ಮನೇಲಿ ಬಿಟ್ಟರೆ ನಮ್ಮ ಬದುಕಲ್ಲಿ ಅಷ್ಟು ಜನರ ಮಧ್ಯೆ ಬಾಯಿಬಿಟ್ಟು ಕೂಗೋ ಅವಕಾಶ ಎಲ್ಲಿದೆ ಹೇಳಿ. ಮದುವೆ ಮನೇಲೂ ನಾವು ಕೂಗೋದು "ಇನ್ನೂ ಪಲ್ಯ ಬಂದಿಲ್ಲ ಇಲ್ಲಿಗೆ" ಅಂತಲೇ.

ನವೆಂಬರ್ 5ಕ್ಕೆ ದೋಹಾದಲ್ಲಿ ಫೈನಲ್. ಇರಾಕಿನ ವಾಯುಪಡೆಯ ಟೀಮಿನ ಮೇಲೆ 1-0 ಸೋತೆವು. ಸೆಮಿಫೈನಲ್ಲಿಗೆ ಗೋಲು ಕಾದ ಅಮರಿಂದರ್ ಸಿಂಗ್ ಕಾರ್ಡಿನ ಕಾರಣಕ್ಕೆ ಆಡೋ ಹಾಗಿರಲಿಲ್ಲ. ಟಿವಿ ಮುಂದೆ ಕೂತು ನನ್ನ ಕಣ್ಣಲ್ಲಿ ನೀರು ಬಂತು. ಮೂರು ದಿನಕ್ಕೆ ಐನೂರು, ಸಾವಿರದ ನೋಟು ರದ್ದಾಯ್ತು, ಊರೆಲ್ಲ ಬ್ಯಾಂಕ್ ಮುಂದೆ ಕ್ಯೂ ನಿಂತಿತು. ಅಂಥ ದೊಡ್ಡ ಪಂದ್ಯ ನಮ್ಮ ಊರಿನ ಟೀಮು ಆಡಿತ್ತು ಅನ್ನೋದೇ ಜನಕ್ಕೆ ಮರೆತುಹೋಯ್ತು. ನಾನೂ ಸಾಸಿವೆ ಡಬ್ಬೀಲಿದ್ದ ನೋಟು ಹಿಡ್ಕೊಂಡು ಕ್ಯೂನಲ್ಲಿ ನಿಂತಿದ್ದೆ, ತಲೇಲಿ ಮಾತ್ರ ಆ ಗೋಲೇ ಓಡ್ತಿತ್ತು.

ಕ್ರಿಕೆಟ್ ನೋಡೋರಿಗೆ ಒಂದು ವಿಷಯ ಅರ್ಥ ಆಗೋದು ಕಷ್ಟ. ಕ್ರಿಕೆಟಲ್ಲಿ ಪ್ರತಿ ಬಾಲಿಗೂ ಏನಾದರೂ ಸಿಗುತ್ತೆ, ಒಂದು ರನ್ನೋ ಒಂದು ಫೋರೋ. ಫುಟ್ಬಾಲಲ್ಲಿ ತೊಂಬತ್ತು ನಿಮಿಷ ಕೂತರೆ ಒಂದು ಗೋಲು ಬಂದರೆ ಬಂತು, ಇಲ್ಲದಿದ್ದರೆ ಅದೂ ಇಲ್ಲ. ಮಲ್ಲಿಗೆ ಗಿಡ ಹಾಕ್ಕೊಂಡೋರಿಗೆ ಗೊತ್ತು ಅದರ ಸುಖ. ತಿಂಗಳುಗಟ್ಟಲೆ ನೀರು ಹಾಕಿ, ಒಂದು ದಿನ ಬೆಳಗ್ಗೆ ಒಂದೇ ಒಂದು ಮೊಗ್ಗು ಕಂಡರೆ ಪಕ್ಕದ ಮನೆಯವರನ್ನ ಕೂಗಿ ತೋರಿಸ್ತೀವಲ್ಲ, ಹಾಗೆ. ಕಾಯೋದು ಗೊತ್ತಿರೋರಿಗೆ ಹೇಳಿ ಮಾಡಿಸಿದ ಆಟ ಇದು. ಕಾಯೋದ್ರಲ್ಲಿ ನಮ್ಮನ್ನ ಮೀರಿಸೋರು ಯಾರಿದ್ದಾರೆ?

2018ರ ಯುಗಾದಿ ನಾನು ಮರೆಯಲ್ಲ. ಹಬ್ಬ ಮಾರ್ಚ್ 18ಕ್ಕೆ. ಹಿಂದಿನ ದಿನ 17ಕ್ಕೆ ಐಎಸ್‌ಎಲ್ ಫೈನಲ್, ನಮ್ಮ ಕಂಠೀರವದಲ್ಲೇ. ಆ ಲೀಗಿಗೆ ಸೇರಿದ ಮೊದಲ ವರ್ಷವೇ ನಾವು ಎಲ್ಲರಿಗಿಂತ ಮೇಲೆ ಇದ್ದೆವು. ಒಂಬತ್ತನೇ ನಿಮಿಷಕ್ಕೇ ಛೇತ್ರಿ ಗೋಲು. ಆಮೇಲೆ ಚೆನ್ನೈಯಿನ್ ಟೀಮಿನ ಮೈಲ್ಸನ್ ಆಲ್ವಿಸ್ ಎರಡು ಸಲ ತಲೆಯಿಂದ ಹೊಡೆದ. ಕೊನೆಗೆ 3-2ರಲ್ಲಿ ಸೋತೆವು. ನಮ್ಮ ಮನೇಲೇ, ನಮ್ಮ ಜನರ ಮುಂದೇನೇ. ಬೆಳಗ್ಗೆ ಎದ್ದು ಬೇವು ಬೆಲ್ಲ ಕಲಸೋವಾಗ ನಮ್ಮ ಹುಡುಗ "ಅಮ್ಮ, ಬೆಲ್ಲ ಯಾಕೆ, ಬರೀ ಬೇವೇ ಕೊಡು" ಅಂದ.

ಸರಿಯಾಗಿ ಒಂದು ವರ್ಷ. ಅದೇ ಮಾರ್ಚ್ 17, 2019. ಮುಂಬೈಯಲ್ಲಿ ಗೋವಾ ಟೀಮಿನ ಮೇಲೆ ಮತ್ತೆ ಫೈನಲ್. ತೊಂಬತ್ತು ನಿಮಿಷ ಮುಗೀತು, ಗೋಲಿಲ್ಲ. ಹೆಚ್ಚಿನ ಸಮಯವೂ ಮುಗೀತಾ ಬಂತು. 117ನೇ ನಿಮಿಷಕ್ಕೆ ಕಾರ್ನರಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟ. 1-0. ನಾನು ಕೂಗಿದ ಕೂಗಿಗೆ ಕೆಳಗಡೆ ಮನೆಯವರು ಯಾರಿಗೋ ಏನೋ ಆಯ್ತು ಅಂತ ಓಡಿ ಬಂದರು. ಏನೂ ಇಲ್ಲ, ಕಪ್ ಬಂತು ಅಂತ ಹೇಳಿ ಸಕ್ಕರೆ ಕೊಟ್ಟು ಕಳಿಸಿದೆ.

ಅಷ್ಟೇ ನೋಡಿ ಸುಖ. ಐಎಸ್‌ಎಲ್ ಫೈನಲ್ಲಿಗೆ ನಾಲ್ಕು ಸಲ ಹೋಗಿದ್ದೇವೆ, ಗೆದ್ದಿದ್ದು ಆ ಒಂದೇ ಸಲ. 2023ರಲ್ಲಿ ಮೋಹನ್ ಬಗಾನ್ ಮೇಲೆ 2-2 ಆಗಿ ಪೆನಾಲ್ಟಿಯಲ್ಲಿ 4-3 ಸೋತೆವು. 2025ರ ಏಪ್ರಿಲ್ 12ಕ್ಕೆ ಕೋಲ್ಕತಾದಲ್ಲಿ ಮತ್ತೆ ಮೋಹನ್ ಬಗಾನ್. ನಾವೇ ಮುಂದಿದ್ದೆವು, ಹೆಚ್ಚಿನ ಸಮಯದಲ್ಲಿ 2-1 ಸೋತೆವು. ಅದಕ್ಕೂ ಮೊದಲು 2015ರಲ್ಲಿ ಐ-ಲೀಗಿನ ಕೊನೇ ಪಂದ್ಯ, ಇಲ್ಲೇ ಕಂಠೀರವದಲ್ಲಿ, ಆಗಲೂ ಇದೇ ಮೋಹನ್ ಬಗಾನ್. ಗೆದ್ದರೆ ಕಪ್ ನಮ್ಮದು, ಡ್ರಾ ಆದರೆ ಅವರದು. 87ನೇ ನಿಮಿಷದ ತನಕ ನಾವೇ 1-0 ಮುಂದಿದ್ದು, ಆಮೇಲೆ ಅವರು ಸಮ ಮಾಡ್ಕೊಂಡರು. ಆಗ ನಾನಿನ್ನೂ ನೋಡೋಕೆ ಶುರು ಮಾಡಿರಲಿಲ್ಲ. ಮಗ ಆ ರಾತ್ರಿ ಊಟ ಬಿಟ್ಟು ಮಲಗಿದ್ದು ಮಾತ್ರ ನೆನಪಿದೆ.

ಇಲ್ಲಿ ಒಂದು ಮನೆ ವಿಷಯ ಹೇಳ್ಬೇಕು, ನಿಮಗೆ ಇಷ್ಟ ಆಗುತ್ತೆ. ಛೇತ್ರಿ 2017ರ ಡಿಸೆಂಬರಲ್ಲಿ ಮದುವೆಯಾಗಿದ್ದು ಸುಬ್ರತ ಭಟ್ಟಾಚಾರ್ಯ ಅವರ ಮಗಳನ್ನ. ಸುಬ್ರತ ಅವರು ಯಾರು ಗೊತ್ತಾ? ಇದೇ ಮೋಹನ್ ಬಗಾನಿನ ಹಳೇ ದೊಡ್ಡ ಆಟಗಾರ. ನಮ್ಮ ಕಪ್ ಮೂರು ಸಲ ತಪ್ಪಿಸಿದ್ದು ನಮ್ಮ ಕ್ಯಾಪ್ಟನ್ನಿನ ಮಾವನ ಮನೆ ಟೀಮು! ಅಳಿಯನಿಗೆ ಬೀಗರ ಮನೇಲಿ ಮರ್ಯಾದೆ ಸಿಗಲಿಲ್ಲ ಅಂತ ನಾವು ಹೆಂಗಸರು ಎಷ್ಟು ಮಾತಾಡ್ತೀವಿ, ಇದಕ್ಕಿಂತ ಬೇಕಾ.

ಆದರೂ 2025ರ ಆ ವರ್ಷ ನೋಡಬೇಕಿತ್ತು ನೀವು. ನಲವತ್ತು ತುಂಬಿದ ಛೇತ್ರಿ ಆ ಲೀಗಲ್ಲಿ 14 ಗೋಲು ಹೊಡೆದರು. ಏಪ್ರಿಲ್ 6, ರಾಮನವಮಿ ದಿನ, ಗೋವಾದಲ್ಲಿ ಸೆಮಿಫೈನಲ್. ಮೊದಲ ಪಂದ್ಯದಲ್ಲಿ 2-0 ಗೆದ್ದಿದ್ದೆವು, ಆದರೆ ಗೋವಾದವರು ಅಲ್ಲಿ ಎರಡು ಹೊಡೆದು ಲೆಕ್ಕ ಸಮ ಮಾಡ್ಕೊಂಡುಬಿಟ್ಟರು. ತೊಂಬತ್ತು ನಿಮಿಷ ದಾಟಿದ ಮೇಲೆ ಛೇತ್ರಿ ತಲೆಯಿಂದ ಒಂದು ಗೋಲು. ಬೆಳಗ್ಗೆ ಮಾಡಿದ್ದ ಪಾನಕ ಇನ್ನೂ ಮಿಕ್ಕಿತ್ತು, ನಾನೂ ಯಜಮಾನರೂ ಅದನ್ನೇ ಕುಡಿದೆವು. ನಲವತ್ತಕ್ಕೆ ಆಟಗಾರನ ಕಾಲ ಮುಗೀತು ಅಂತಾರೆ, ಐವತ್ತಕ್ಕೆ ಹೆಂಗಸಿನ ಕಾಲ ಮುಗೀತು ಅಂತಾರೆ. ಅವರು ಹೇಳ್ತಾ ಇರಲಿ.

ಈಗ ಓರಗಿತ್ತಿ ಅಕ್ಕನ ಪ್ರಶ್ನೆಗೆ ಬರ್ತೀನಿ. ಯಾಕೆ ಬೇಕು? ಗೆದ್ದರೆ ನಮಗೇನು ಬರುತ್ತೆ, ಸೋತರೆ ನಮ್ಮದೇನು ಹೋಗುತ್ತೆ? ಆಟಗಾರರು ಲಕ್ಷಗಟ್ಟಲೆ ಸಂಬಳ ತಗೊಂಡು ಇವತ್ತು ಇಲ್ಲಿ ನಾಳೆ ಇನ್ನೊಂದು ಊರು, ನಾವು ಯಾಕೆ ಅಳಬೇಕು?

ಈ ಮಾತಲ್ಲಿ ಹುರುಳಿದೆ, ನಾನು ಇಲ್ಲ ಅನ್ನಲ್ಲ. ಆದರೆ ನನ್ನ ಲೆಕ್ಕ ಬೇರೆ. ನಮ್ಮ ವಯಸ್ಸಿನ ಹೆಂಗಸರ ಸಂತೋಷ ದುಃಖ ಎಲ್ಲ ಯಾರದೋ ಮೇಲೆ ನಿಂತಿರುತ್ತೆ. ಮಗಳಿಗೆ ಗಂಡು ಸಿಕ್ಕಿತಾ, ಮಗನಿಗೆ ಕೆಲಸ ಆಯ್ತಾ, ಯಜಮಾನರ ಬಿಪಿ ಎಷ್ಟಿದೆ, ಅತ್ತೆಗೆ ಈ ತಿಂಗಳು ಹೇಗಿದ್ದಾರೆ. ಈ ಸುದ್ದಿಗಳಿಗೆಲ್ಲ ನಾವು ಜವಾಬ್ದಾರಿ ಬೇರೆ. ಚೆನ್ನಾಗಾದರೆ ದೇವರ ದಯೆ, ಕೆಟ್ಟರೆ ತಾಯಿ ಸರಿಯಾಗಿ ನೋಡ್ಕೊಳ್ಳಲಿಲ್ಲ. ಟೀಮು ಸೋತರೆ ಮಾತ್ರ ಯಾರೂ ನನ್ನ ಕೇಳಲ್ಲ. ಆ ದುಃಖ ಪೂರ್ತಿ ನನ್ನದು, ಅದಕ್ಕೆ ನಾನು ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಒಂದು ರಾತ್ರಿ ಅತ್ತು, ಬೆಳಗ್ಗೆ ಎದ್ದು ದೋಸೆ ಹುಯ್ಯಬಹುದು. ಗೆದ್ದರೆ ಆ ಸಂತೋಷಾನೂ ಹಾಗೇ. ಮಕ್ಕಳ ಮಾರ್ಕ್ಸ್ ಕಾರ್ಡ್ ನೋಡಿದ ಸಂತೋಷದ ಜೊತೆ ಮುಂದಿನ ಫೀಸಿನ ಚಿಂತೆ ಇರುತ್ತೆ. ರಾಹುಲ್ ಭೇಕೆ ಗೋಲಿನ ಜೊತೆ ಯಾವ ಚಿಂತೆಯೂ ಇರಲಿಲ್ಲ.

ಇನ್ನೊಂದೂ ಇದೆ. ನಮ್ಮ ಹುಡುಗ ಈಗ ಕೆಲಸಕ್ಕೆ ಅಂತ ಪುಣೆಯಲ್ಲಿದ್ದಾನೆ. ಫೋನ್ ಮಾಡಿದರೆ "ಊಟ ಆಯ್ತಾ", "ಆಯ್ತು", ಅಷ್ಟಕ್ಕೇ ಮುಗಿದುಹೋಗ್ತಿತ್ತು. ಮ್ಯಾಚ್ ಇದ್ದ ದಿನ ಮಾತ್ರ ಮುಕ್ಕಾಲು ಗಂಟೆ ಮಾತಾಡ್ತೀವಿ. ಡಿಫೆನ್ಸ್ ಸರಿಯಿಲ್ಲ, ಕೋಚು ಯಾಕೆ ಅವನನ್ನ ಇಳಿಸಲಿಲ್ಲ, ಹೀಗೆ. ಅದರ ಮಧ್ಯದಲ್ಲೇ ಅವನ ಮನಸ್ಸಲ್ಲಿರೋದೂ ಆಚೆಗೆ ಬರುತ್ತೆ. ಬೇರೆ ಯಾವುದನ್ನ ಕೇಳಿದರೂ ಬಾಯಿ ಬಿಡದ ಮಕ್ಕಳು ಆಟದ ವಿಷಯ ಎತ್ತಿದರೆ ಮಾತಾಡ್ತವೆ. ಗಂಡು ಮಕ್ಕಳನ್ನ ಹೆತ್ತೋರು ಇದನ್ನ ಬರೆದಿಟ್ಕೊಳ್ಳಿ.

ಹಾಗಾದರೆ ಕಷ್ಟ ಎಲ್ಲಿ? ಸೋಲಲ್ಲಿ ಅಂತೂ ಅಲ್ಲ. ಸೋಲಿಗೆ ಮುಂದಿನ ವಾರ ಇನ್ನೊಂದು ಮ್ಯಾಚ್ ಮದ್ದು. ನನ್ನ ಹೊಟ್ಟೆ ಉರಿಸಿದ್ದು ಆ ಮುಂದಿನ ವಾರವನ್ನೇ ಕಿತ್ಕೊಂಡಿದ್ದು.

2025ರ ಜುಲೈ 11ಕ್ಕೆ ಆ ವರ್ಷದ ಐಎಸ್‌ಎಲ್ ತಡೆಹಿಡಿದಿದ್ದೇವೆ ಅಂತ ಹೇಳಿಬಿಟ್ಟರು. ಯಾಕೆ ಅಂತ ನಮ್ಮ ಹುಡುಗನ ಹತ್ತಿರ ಎರಡು ಸಲ ಕೇಳಿ ತಿಳ್ಕೊಂಡೆ. ನಿಮಗೆ ಮನೆ ಲೆಕ್ಕದಲ್ಲಿ ಹೇಳ್ತೀನಿ. ದೇಶದ ಫುಟ್ಬಾಲ್ ಫೆಡರೇಷನ್ ಮನೆ ಮಾಲೀಕರು ಅಂದ್ಕೊಳ್ಳಿ. ಅವರು 2010ರಲ್ಲಿ ಹದಿನೈದು ವರ್ಷಕ್ಕೆ ಕರಾರು ಮಾಡಿ ಮನೇನ ಒಂದು ಕಂಪನಿಗೆ ವಹಿಸಿದರು. ಲೀಗ್ ನಡೆಸೋದು, ಟಿವಿಗೆ ಮಾರೋದು ಎಲ್ಲ ಆ ಕಂಪನಿ ಕೆಲಸ. ಇತ್ತೀಚೆಗೆ ವರ್ಷಕ್ಕೆ 50 ಕೋಟಿ ಮಾಲೀಕರ ಕೈಗೆ ಬರ್ತಿತ್ತು. ಆ ಕರಾರು 2025ರ ಡಿಸೆಂಬರಿಗೆ ಮುಗಿಯೋದಿತ್ತು. ಹೊಸ ಕರಾರು ಬರೆಯೋಣ ಅಂದರೆ ಫೆಡರೇಷನ್ನಿನ ನಿಯಮಾವಳಿ ವಿಷಯ ಸುಪ್ರೀಂ ಕೋರ್ಟಲ್ಲಿತ್ತು. ಮನೆ ಪತ್ರವೇ ಕೋರ್ಟಲ್ಲಿರೋವಾಗ ಯಾರು ಸಹಿ ಹಾಕ್ತಾರೆ? ಡಿಸೆಂಬರಲ್ಲಿ ಖಾಲಿ ಮಾಡಬೇಕಾದ ಮನೆಗೆ ಸೆಪ್ಟೆಂಬರಲ್ಲಿ ಸುಣ್ಣ ಬಣ್ಣ ಯಾರು ಮಾಡಿಸ್ತಾರೆ? ಹಾಗಾಗಿ ಹಬ್ಬವೇ ನಿಂತಿತು.

ಆಗಸ್ಟಲ್ಲಿ ನಮ್ಮ ಬೆಂಗಳೂರು ಎಫ್‌ಸಿಯವರು ದೊಡ್ಡ ಟೀಮಿನ ಆಟಗಾರರಿಗೂ ಸಿಬ್ಬಂದಿಗೂ ಸಂಬಳ ನಿಲ್ಲಿಸ್ತಿದ್ದೇವೆ, ಯಾವಾಗ ಕೊಡ್ತೀವೋ ಹೇಳೋಕಾಗಲ್ಲ ಅಂತ ಪ್ರಕಟಣೆ ಕೊಟ್ಟರು. ಮಕ್ಕಳ ತರಬೇತಿ ಮಾತ್ರ ನಡೆಯುತ್ತೆ ಅಂದರು. ಲಕ್ಷಗಟ್ಟಲೆ ಎಣಿಸೋ ಒಬ್ಬಿಬ್ಬರ ವಿಷಯ ಬಿಡಿ. ಹುಲ್ಲು ನೋಡ್ಕೊಳ್ಳೋನು, ಬಟ್ಟೆ ಒಗೆಯೋನು, ಕಾಲು ನೀವೋನು ಇವರ ಮನೇಲೂ ಒಲೆ ಉರೀಬೇಕಲ್ವಾ? ಸಂಬಳ ಇವತ್ತಿಲ್ಲ ನಾಳೆ ಇಲ್ಲ ಅಂತ ಕೇಳಿಸ್ಕೊಂಡ ಹೆಂಗಸರು ನಮ್ಮಲ್ಲಿ ಎಷ್ಟು ಜನ ಇದ್ದೀರಿ. ರಾಜಾಜಿನಗರದ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಆ ತಿಂಗಳುಗಳನ್ನ ಹೇಗೆ ತಳ್ಳಿದೆವು ಅಂತ ನಮಗೆ ಹೇಳಿಕೊಡಬೇಕಾ?

ಸೆಪ್ಟೆಂಬರಲ್ಲಿ ಕೋರ್ಟು ದಾರಿ ಮಾಡಿಕೊಟ್ಟಿತು. ಫೆಡರೇಷನ್ನಿನವರು ಟೆಂಡರ್ ಕರೆದರು. ನವೆಂಬರಲ್ಲಿ ಡಬ್ಬಿ ತೆಗೆದರೆ ಒಬ್ಬರೂ ಟೆಂಡರ್ ಹಾಕಿಲ್ಲ! ಚೀಟಿ ಕೂಗೋಕೆ ಕೂತಾಗ ಯಾರೂ ಬಾಯಿ ಬಿಡದೇ ಇದ್ದರೆ ಹೇಗಿರುತ್ತೆ, ಹಾಗೆ. ದಸರಾ ಆಯ್ತು, ದೀಪಾವಳಿ ಆಯ್ತು, ಬಸವನಗುಡಿಯ ಕಡಲೆಕಾಯಿ ಪರಿಷೆಯೂ ಬಂತು, ಕಂಠೀರವದಲ್ಲಿ ಲೀಗಿನ ಒಂದು ಪಂದ್ಯವೂ ಇರಲಿಲ್ಲ.

ಇದರಲ್ಲಿ ನನಗೆ ತಡೆಯೋಕಾಗದ್ದು ಒಂದೇ. ಫೆಡರೇಷನ್ ಮಾತಾಡಿತು, ಕಂಪನಿ ಮಾತಾಡಿತು, ಕ್ಲಬ್ಬುಗಳು ಮಾತಾಡಿದವು, ಕೋರ್ಟು ಮಾತಾಡಿತು. ಟಿಕೆಟ್ ತಗೊಂಡು ಬಂದು ಕೂರೋ ನಮ್ಮನ್ನ ಒಬ್ಬರೂ ಒಂದು ಮಾತು ಕೇಳಲಿಲ್ಲ. 2018ರಲ್ಲಿ ಸ್ಟೇಡಿಯಂ ಖಾಲಿ ಹೊಡೆದಾಗ ಇದೇ ಛೇತ್ರಿ ವಿಡಿಯೋ ಮಾಡಿ ಕೈ ಮುಗಿದು ಕೇಳ್ಕೊಂಡಿದ್ದರು, ಬಂದು ಬೈದರೂ ಸರಿ ಬನ್ನಿ ಅಂತ. ಮುಂಬೈಯಲ್ಲಿ ಮುಂದಿನ ಪಂದ್ಯಕ್ಕೆ ಟಿಕೆಟ್ಟೇ ಸಿಗದ ಹಾಗೆ ಜನ ತುಂಬಿದರು. ಕರೆದಾಗ ನಾವು ಹೋದೆವು. ನಿಲ್ಲಿಸೋವಾಗ ಮಾತ್ರ ನಾವು ಯಾರ ನೆನಪಿಗೂ ಬರಲಿಲ್ಲ. ಮದುವೆಗೆ ಎಲೆ ಹಾಕೋಕೆ, ಪಾತ್ರೆ ಎಣಿಸೋಕೆ ಹೆಂಗಸರು ಬೇಕು, ಮುಹೂರ್ತ ಗೊತ್ತು ಮಾಡೋ ಜಗಲಿ ಮೇಲೆ ಬೇಡ, ಅಲ್ವಾ? ಅದೇ ನ್ಯಾಯ.

ಇದು ಬರೀ ಫುಟ್ಬಾಲಿನ ರೋಗ ಅಲ್ಲ. ನಮ್ಮ ಯಜಮಾನರು ಆರ್‌ಸಿಬಿ ಕಡೆಯವರು, ಹದಿನೆಂಟು ವರ್ಷ ಕಾದರು. 2025ರ ಜೂನ್ 3ಕ್ಕೆ ಕಪ್ ಬಂತು. ಮಾರನೇ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಹೋದರು. ನಾನು ಇಳಿಯೋ ಅದೇ ಕಬ್ಬನ್ ಪಾರ್ಕ್ ಸ್ಟೇಷನ್ನಿನ ಹತ್ತಿರ. ಖುಷಿ ಪಡೋಕೆ ಅಂತ ಮನೆಯಿಂದ ಹೊರಟ ಮಕ್ಕಳು. ಆ ರಾತ್ರಿ ಯಜಮಾನರು ಟಿವಿ ಆರಿಸಿ ಸುಮ್ಮನೆ ಕೂತಿದ್ದರು. ಅಭಿಮಾನಿ ಅಂದರೆ ದೊಡ್ಡವರಿಗೆ ಬರೀ ಗುಂಪು. ಆ ಗುಂಪಲ್ಲಿರೋ ಒಂದೊಂದು ತಲೆಗೂ ಮನೇಲಿ ಅನ್ನ ಮುಚ್ಚಿಟ್ಟು ಕಾಯ್ತಿರೋ ಒಬ್ಬ ತಾಯಿ ಇರ್ತಾಳೆ.

ದೂರು ಬರೀ ಮೇಲಿನವರ ಮೇಲೆ ಅಲ್ಲ, ನಮ್ಮ ಜನರ ಮೇಲೂ ಇದೆ. 2023ರ ಮಾರ್ಚ್ 3, ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ನಾಕೌಟ್ ಪಂದ್ಯ. ಹೆಚ್ಚಿನ ಸಮಯದಲ್ಲಿ ನಮಗೆ ಫ್ರೀ ಕಿಕ್ ಸಿಕ್ಕಿತು. ಅವರು ಗೋಡೆ ಕಟ್ಟಿ ನಿಲ್ಲೋಕೆ ಮೊದಲೇ ಛೇತ್ರಿ ಹೊಡೆದುಬಿಟ್ಟರು, ರೆಫರಿ ಗೋಲು ಕೊಟ್ಟರು. ಅವರ ಕೋಚು ಇಡೀ ಟೀಮನ್ನ ಮೈದಾನದಿಂದ ಕರ್ಕೊಂಡು ಹೋದರು. ಆಮೇಲೆ ಆ ಕ್ಲಬ್ಬಿಗೆ 4 ಕೋಟಿ ದಂಡ ಬಿತ್ತು. ಆ ಜಗಳ ಟಿವಿ, ಪೇಪರು, ವಾಟ್ಸಾಪು ಎಲ್ಲ ಕಡೆ. ಮಾರನೇ ದಿನ ಮಾರ್ಚ್ 4ಕ್ಕೆ ಸೌದಿಯ ರಿಯಾದಲ್ಲಿ ನಮ್ಮ ಕರ್ನಾಟಕ ತಂಡ ಮೇಘಾಲಯದ ಮೇಲೆ 3-2 ಗೆದ್ದು ಸಂತೋಷ್ ಟ್ರೋಫಿ ಎತ್ತಿತು. ಹಳೇ ಮೈಸೂರು ಟೀಮು ಗೆದ್ದು 54 ವರ್ಷ ಆಗಿತ್ತು! ನಮ್ಮ ಬೀದೀಲಿ ಒಬ್ಬರಾದರೂ ಮಾತಾಡಿದರಾ? ಜಗಳ ಆದರೆ ಊರಿಗೆಲ್ಲ ಗೊತ್ತು, ಮಗು ಫಸ್ಟ್ ಕ್ಲಾಸ್ ಬಂದರೆ ಯಾರಿಗೂ ಗೊತ್ತಿಲ್ಲ ಅನ್ನೋ ಹಾಗೆ.

ಲೀಗ್ ನಿಂತ ಅದೇ ಜುಲೈ ತಿಂಗಳಲ್ಲೇ ಇನ್ನೊಂದು ಆಯ್ತು. ಜುಲೈ 5ಕ್ಕೆ ಥಾಯ್ಲೆಂಡಿಗೇ ಹೋಗಿ ನಮ್ಮ ಭಾರತದ ಹೆಣ್ಣುಮಕ್ಕಳು ಅವರನ್ನ 2-1ರಲ್ಲಿ ಸೋಲಿಸಿದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅನ್ನೋ ಬಂಗಾಳದ ಹುಡುಗಿದು. ಅರ್ಹತಾ ಪಂದ್ಯ ಆಡಿ ಗೆದ್ದು ಏಷ್ಯಾ ಕಪ್ಪಿಗೆ ಜಾಗ ಗಿಟ್ಟಿಸಿದ್ದು ಅದೇ ಮೊದಲು. ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಅನ್ನೋ ಕ್ಲಬ್ಬಿನ ಹುಡುಗಿಯರ ಟೀಮು ಕೂಡ 2023ರಲ್ಲಿ ದೇಶದ ಮಹಿಳಾ ಲೀಗಿನ ಫೈನಲ್ ಆಡಿದೆ. ನನ್ನ ನಾದಿನಿ ಮಗಳು ಏಳನೇ ಕ್ಲಾಸು, ಸ್ಕೂಲಲ್ಲಿ ಫುಟ್ಬಾಲಿಗೆ ಸೇರ್ತೀನಿ ಅಂದಾಗ "ಬಿಸಿಲಲ್ಲಿ ಕಪ್ಪಗಾಗ್ತೀಯ" ಅಂದರಂತೆ ಅವರಜ್ಜಿ. ಕಪ್ಪಗಾಗಲಿ ಬಿಡಿ, ನಾವೆಲ್ಲ ಒಳಗೆ ಕೂತು ಬೆಳ್ಳಗಾಗಿ ಏನು ಸಾಧಿಸಿದೆವು? ಅವಳಿಗೆ ಬೂಟು ನಾನೇ ಕೊಡಿಸಿದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಒಂದು ಟೀಮು ಇಟ್ಕೊಳ್ಳೋದು ಕೆಲಸ ಇಲ್ಲದೋರ ಹುಚ್ಚಲ್ಲ. ಬೇರೆ ಯಾರ ಯೋಗಕ್ಷೇಮಕ್ಕೂ ಗಂಟು ಬೀಳದ ಒಂದು ಆಸೆ ಪ್ರತಿ ಹೆಂಗಸಿಗೂ ಇರಬೇಕು. ಅದು ಫುಟ್ಬಾಲೇ ಆಗಬೇಕು ಅಂತಿಲ್ಲ. ಆದರೆ ಫುಟ್ಬಾಲ್ ಆದರೆ ಸೋಲೋದನ್ನ ಚೆನ್ನಾಗಿ ಕಲಿಸುತ್ತೆ. ಸೋತ ಮಾರನೇ ವಾರ ಅದೇ ನೀಲಿ ಬಟ್ಟೆ ಹಾಕ್ಕೊಂಡು ಅದೇ ಸೀಟಿಗೆ ಹೋಗಿ ಕೂರೋದನ್ನ ಕಲಿಸುತ್ತೆ. ಕಂಠೀರವದಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಅಂತ ಅಭಿಮಾನಿಗಳ ಗುಂಪು ಇದೆ. ತೊಂಬತ್ತು ನಿಮಿಷವೂ ನಿಂತೇ ಇರ್ತಾರೆ, ಡೋಲು ಬಾರಿಸ್ತಾ, ಹಾಡ್ತಾ. ಮೂರು ಗೋಲು ಹಿಂದಿದ್ದರೂ ಹಾಡು ನಿಲ್ಲಿಸಲ್ಲ. ಹೆಸರಲ್ಲೇ ವೆಸ್ಟ್ ಇದೆ, ನಾವೂ ಊರಿನ ವೆಸ್ಟಿನವರೇ, ನಮಗೂ ಪಾಲಿದೆ ಅಂತ ತಮಾಷೆಗೆ ಹೇಳ್ತಿರ್ತೀನಿ.

ಮೇಲಿನವರಿಗೆ ನಮ್ಮಂಥ ಹೆಂಗಸರು ಏನು ಹೇಳಿದರೂ ತಲುಪಲ್ಲ ಅಂತ ಗೊತ್ತು. ಆದರೂ ಹೇಳ್ತೀನಿ. ನಮಗೆ ಕಪ್ ಗೆದ್ದು ಕೊಡಿ ಅಂತ ಯಾರೂ ಕೇಳ್ತಿಲ್ಲ. ವಾರಕ್ಕೊಂದು ಮ್ಯಾಚ್ ಯಾವತ್ತು, ಎಷ್ಟು ಗಂಟೆಗೆ ಅಂತ ಕ್ಯಾಲೆಂಡರಲ್ಲಿ ಗುರುತು ಹಾಕೋ ಹಾಗೆ ಮಾಡಿ, ಸಾಕು. ನಿಮ್ಮ ಕರಾರು ನೀವು ನೋಡ್ಕೊಳ್ಳಿ, ಹಬ್ಬ ನಿಲ್ಲಿಸಬೇಡಿ. ಮನೆಯಲ್ಲಿ ಅಣ್ಣತಮ್ಮಂದಿರ ಆಸ್ತಿ ಜಗಳ ಕೋರ್ಟಲ್ಲಿದ್ದರೂ ನಾವು ದೇವರ ದೀಪ ಆರೋಕೆ ಬಿಡಲ್ಲ.

ನಿಮಗೆ ಒಂದು ಕೋರಿಕೆ. ಮತ್ತೆ ಮ್ಯಾಚ್ ಶುರುವಾದ ದಿನ ನಾನು ಇಲ್ಲೇ ಬರೀತೀನಿ. ಸಂಜೆ ವಿಜಯನಗರ ಮೆಟ್ರೋ ಸ್ಟೇಷನ್ ಹತ್ತಿರ ಸೇರೋಣ. ಕೆಂಗೇರಿ ಕಡೆಯವರು ಅದೇ ಲೈನಲ್ಲಿ ನೇರ ಬನ್ನಿ, ಅಲ್ಲಿಗೂ 2021ರಲ್ಲೇ ಮೆಟ್ರೋ ಬಂದಿದೆ. ಹೆಣ್ಣುಮಕ್ಕಳಿದ್ದರೆ ಕರ್ಕೊಂಡು ಬನ್ನಿ. ಆಫ್‌ಸೈಡ್ ಅಂದರೆ ಏನು ಅಂತ ದಾರೀಲಿ ನಾನು ಹೇಳಿಕೊಡ್ತೀನಿ, ಸೀರೆ ನೆರಿಗೆ ಹಿಡಿಯೋದಕ್ಕಿಂತ ಸುಲಭ. ಊಟ ಮನೇಲೇ ಮುಗಿಸಿ ಬನ್ನಿ, ಡಬ್ಬಿ ಒಳಗೆ ಬಿಡಲ್ಲ.